ಹಳೇ ಡೆಸ್ಕ್‌ಟಾಪ್ ಕಾಯುತ್ತಿದ್ದುದು ಯಾರಿಗಾಗಿ?

2004ರ ಕೊನೆಯಲ್ಲಿ ಇಂಟೆಲ್ ಮಾರುತ್ತಿದ್ದ ಪೆಂಟಿಯಮ್ 4 ಚಿಪ್‌ಗಳಲ್ಲಿ ಅತಿ ವೇಗದ್ದರ ಗಡಿಯಾರ 3.8 ಗಿಗಾಹರ್ಟ್ಸ್. ಎಂದರೆ ಸೆಕೆಂಡಿಗೆ 380 ಕೋಟಿ ಬಡಿತ. ಈಗಿನ ಮಧ್ಯಮ ದರ್ಜೆಯ ಡೆಸ್ಕ್‌ಟಾಪ್‌ಗಳಲ್ಲಿ ಧಾರಾಳವಾಗಿ ಕಾಣಸಿಗುವ ಕೋರ್ ಐ5-12400 ಚಿಪ್‌ನ ಮೂಲ ವೇಗ 2.5 ಗಿಗಾಹರ್ಟ್ಸ್, ಕೆಲಸ ಜೋರಾದಾಗ 4.4ರವರೆಗೆ ಏರುತ್ತದೆ. ಬರೀ ಈ ಅಂಕಿಗಳನ್ನು ನೋಡಿದರೆ ಎರಡು ದಶಕದಲ್ಲಿ ಏನೂ ಆಗಿಲ್ಲ ಅನ್ನಿಸೀತು. ಆದರೆ ಹಳೆಯದನ್ನು ಎತ್ತಿಟ್ಟು ಹೊಸದನ್ನು ತಂದವರು ಹೇಳುವುದೇ ಬೇರೆ. ಬಟನ್ ಒತ್ತಿ ಅಂಗಳ ಗುಡಿಸಿ ಬಂದರೂ ಏಳದಿದ್ದ ಸಿಸ್ಟಮ್ ಇದ್ದ ಜಾಗದಲ್ಲಿ, ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಪಾಸ್‌ವರ್ಡ್ ಕೇಳುವ ಸಿಸ್ಟಮ್ ಬಂದು ಕೂತಿದೆ. ಗಡಿಯಾರ ಹೆಚ್ಚುಕಡಿಮೆ ಅಷ್ಟರಲ್ಲೇ ಇದ್ದರೂ ಯಂತ್ರ ಇಷ್ಟು ಚುರುಕಾದದ್ದು ಹೇಗೆ?

ಹಳೆಯ ಪ್ರೊಸೆಸರನ್ನು ಮಂದಬುದ್ಧಿಯದೆಂದು ಬೈಯುವುದು ಅನ್ಯಾಯ. ಅದು ತನ್ನ ಆಯುಷ್ಯದ ಬಹುಪಾಲನ್ನು ಕಾಯುವುದರಲ್ಲೇ ಕಳೆಯಿತು. 3 ಗಿಗಾಹರ್ಟ್ಸ್ ಪ್ರೊಸೆಸರಿನ ಒಂದು ಬಡಿತವನ್ನು ಒಂದು ಸೆಕೆಂಡಿನಷ್ಟು ಹಿಗ್ಗಿಸಿ ಲೆಕ್ಕ ಹಾಕಿ ನೋಡಿ. ಆಗ ರ‍್ಯಾಮ್‌ನಿಂದ ಒಂದು ಅಂಕಿ ತರಿಸಿಕೊಳ್ಳಲು ಸುಮಾರು ನಾಲ್ಕು ನಿಮಿಷ ಹಿಡಿಯುತ್ತದೆ. ಹಾರ್ಡ್‌ಡಿಸ್ಕ್ ಜಾಗಕ್ಕೆ ಬಂದಿರುವ ಈಗಿನ ಎನ್‌ವಿಎಂಇ ಎಸ್‌ಎಸ್‌ಡಿಯಿಂದ ತರಿಸಲು ಎರಡೂವರೆ ಮೂರು ದಿನ. ಹಳೆಯ ಹಾರ್ಡ್‌ಡಿಸ್ಕ್‌ನಿಂದಾದರೋ ಹದಿನಾಲ್ಕು ತಿಂಗಳು ದಾಟುತ್ತದೆ. ಒಂದು ಸಣ್ಣ ಫೈಲು ಬೇಕಾದಾಗಲೆಲ್ಲ ವರ್ಷಕ್ಕೂ ಮೀರಿ ಕೈಕಟ್ಟಿ ಕೂರಬೇಕಾದವನ ಕೈ ಎಷ್ಟು ಚುರುಕಾಗಿದ್ದರೆ ಏನು ಬಂತು?

ಹಾರ್ಡ್‌ಡಿಸ್ಕ್ ಇಷ್ಟು ತಡಮಾಡುವುದಕ್ಕೆ ಕಾರಣ ಅದರ ಮೈಯಲ್ಲೇ ಇದೆ. ಅದು ತಿರುಗುವ ಯಂತ್ರ. ಡೆಸ್ಕ್‌ಟಾಪಿನ ಮಾಮೂಲಿ ಡಿಸ್ಕ್ ನಿಮಿಷಕ್ಕೆ 7,200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಹೊರ ಅಂಚಿನ ವೇಗ ಗಂಟೆಗೆ 120 ಕಿಲೋಮೀಟರಿಗೂ ಹೆಚ್ಚು. ಅದರ ಮೇಲೆ, ಕೂದಲೆಳೆಯ ದಪ್ಪದ ಸಾವಿರದ ಒಂದು ಪಾಲಿಗಿಂತ ಕಡಿಮೆ ಎತ್ತರದಲ್ಲಿ, ಓದುವ ತಲೆ ತೇಲುತ್ತಿರುತ್ತದೆ. ಬೇಕಾದ ಪಟ್ಟೆಯ ಮೇಲಕ್ಕೆ ಆ ತಲೆ ಸರಿದು ನಿಲ್ಲಲು ಸುಮಾರು 9 ಮಿಲಿಸೆಕೆಂಡು ಬೇಕು. ಆಮೇಲೆ ಬೇಕಾದ ಮಾಹಿತಿ ತಿರುಗುತ್ತ ತಲೆಯಡಿಗೆ ಬರುವವರೆಗೆ ಸರಾಸರಿ ಅರ್ಧ ಸುತ್ತು, ಅಂದರೆ ಇನ್ನೂ 4 ಮಿಲಿಸೆಕೆಂಡು. ಹೀಗೆ ಸೆಕೆಂಡಿಗೆ ಎಂಬತ್ತು ಸಲ ಹುಡುಕಿ ತರುವಷ್ಟರಲ್ಲಿ ಅದಕ್ಕೆ ಉಸಿರು ಕಟ್ಟುತ್ತದೆ. ದೊಡ್ಡ ಸಿನಿಮಾ ಫೈಲೊಂದನ್ನು ಒಂದೇ ಸಮನೆ ಓದುವುದಾದರೆ ಅದು ಪರವಾಗಿಲ್ಲ. ವಿಂಡೋಸ್ ಏಳುವಾಗ ಬೇಕಾಗುವುದು ಮೂಲೆಮೂಲೆಯಲ್ಲಿ ಚದುರಿದ ಸಾವಿರಾರು ಚಿಲ್ಲರೆ ಫೈಲುಗಳು. ಕ್ಯಾಬಿನೆಟ್ಟಿನ ಒಳಗಿಂದ ಬರುತ್ತಿದ್ದ ಕಟಕಟ ಸದ್ದು ಆ ತಲೆಯ ಓಡಾಟದ್ದು.

ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಜಪಾನಿನ ತೋಶಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುವೊಕ ಮತ್ತು ಸಂಗಡಿಗರು 1987ರಲ್ಲಿ ಲೋಕದ ಮುಂದಿಟ್ಟ ನ್ಯಾಂಡ್ ಫ್ಲ್ಯಾಶ್ ಇದರ ಮೂಲ. ಸುತ್ತಲೂ ವಿದ್ಯುತ್ ಹರಿಯದ ಪದರದ ಗೋಡೆಯಿರುವ ಅತಿ ಚಿಕ್ಕ ಕೋಣೆಯೊಳಕ್ಕೆ ಎಲೆಕ್ಟ್ರಾನುಗಳನ್ನು ಒತ್ತಡ ಹಾಕಿ ನುಗ್ಗಿಸುತ್ತಾರೆ. ಕರೆಂಟು ಹೋದರೂ ಅವು ಅಲ್ಲೇ ಸಿಕ್ಕಿಬಿದ್ದಿರುತ್ತವೆ. ಈಗಿನ ಸಾಮಾನ್ಯ ಎಸ್‌ಎಸ್‌ಡಿ ಒಂದೊಂದು ಕೋಣೆಯಲ್ಲೂ ಎಂಟು ಬೇರೆ ಬೇರೆ ಮಟ್ಟದ ವಿದ್ಯುದಂಶವನ್ನು ಗುರುತಿಸಿ, ಮೂರು ಬಿಟ್ ಮಾಹಿತಿಯನ್ನು ತುಂಬಿಡುತ್ತದೆ. ಯಾವ ಕೋಣೆಯನ್ನಾದರೂ ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ ಮುಟ್ಟಬಹುದು. ಇದೇ ಅದರ ದೊಡ್ಡಗುಣ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚುಹಾಕುವ ಸೆಕೆಂಡಿಗೆ 7,000 ಎಂಬಿ ವೇಗಕ್ಕೆ ಮರುಳಾಗಬೇಡಿ. ಅದು ದೊಡ್ಡ ಫೈಲನ್ನು ಒಂದೇ ಓಟದಲ್ಲಿ ಓದುವ ಲೆಕ್ಕ. ನಿಮ್ಮ ದಿನನಿತ್ಯದ ಕೆಲಸ ಹಗುರಾಗುವುದು ಚಿಲ್ಲರೆ ಫೈಲು ಬೇಗ ಸಿಗುವುದರಿಂದ. ಆ ಲಾಭ ಸೆಕೆಂಡಿಗೆ 550 ಎಂಬಿಯ ಹಳೇ ಮಾದರಿ ಸಾಟಾ ಎಸ್‌ಎಸ್‌ಡಿಯಲ್ಲೂ ಬಹುಮಟ್ಟಿಗೆ ಸಿಗುತ್ತದೆ.

ಗಡಿಯಾರ ಯಾಕೆ ಓಡಲಿಲ್ಲ ಎಂಬುದಕ್ಕೆ ಬೇರೆಯದೇ ಕತೆ ಇದೆ. 1984ರ ಐಬಿಎಂ ಪಿಸಿ ಎಟಿಯ ವೇಗ 6 ಮೆಗಾಹರ್ಟ್ಸ್. ಅಲ್ಲಿಂದ ಇಪ್ಪತ್ತು ವರ್ಷದಲ್ಲಿ 3,800 ಮೆಗಾಹರ್ಟ್ಸ್ ಮುಟ್ಟಿದ್ದೆಂದರೆ ಆರುನೂರು ಪಟ್ಟಿಗೂ ಮೀರಿದ ಏರಿಕೆ. ಅದರ ಹಿಂದೆ ಐಬಿಎಂನ ರಾಬರ್ಟ್ ಡೆನಾರ್ಡ್ 1974ರಲ್ಲಿ ವಿವರಿಸಿದ ಒಂದು ಸೂತ್ರ ಕೆಲಸ ಮಾಡುತ್ತಿತ್ತು: ಟ್ರಾನ್ಸಿಸ್ಟರನ್ನು ಕಿರಿದು ಮಾಡಿದಷ್ಟೂ ಕಡಿಮೆ ವೋಲ್ಟೇಜು ಸಾಕು, ಹಾಗಾಗಿ ಚಿಪ್ ಹೆಚ್ಚು ಬಿಸಿಯಾಗದೆ ಹೆಚ್ಚು ವೇಗದಲ್ಲಿ ಓಡುತ್ತದೆ. (ಒಂದೊಂದು ಬಿಟ್ಟಿಗೂ ಒಂದೇ ಟ್ರಾನ್ಸಿಸ್ಟರ್ ಬಳಸುವ ಈಗಿನ ರ‍್ಯಾಮ್ ಕೂಡ ಇವರದೇ ಕೊಡುಗೆ, ಕಂಪ್ಯೂಟರ್ ಪುಸ್ತಕಗಳು ಈ ಮನುಷ್ಯನಿಗೆ ಕೊಟ್ಟಿರುವ ಜಾಗ ತೀರಾ ಕಡಿಮೆ.) 2004ರ ಹೊತ್ತಿಗೆ ಟ್ರಾನ್ಸಿಸ್ಟರುಗಳು ಎಷ್ಟು ಕಿರಿದಾದವೆಂದರೆ, ಮುಚ್ಚಿದ ನಲ್ಲಿಯಿಂದಲೂ ಕರೆಂಟು ಸೋರತೊಡಗಿತು. ವೋಲ್ಟೇಜು ಇನ್ನು ಇಳಿಯಲೊಲ್ಲದು, ಬಿಸಿ ಮಾತ್ರ ಏರುತ್ತಲೇ ಹೋಯಿತು. ಆ 3.8 ಗಿಗಾಹರ್ಟ್ಸ್ ಚಿಪ್ 115 ವಾಟ್ ಬಿಸಿ ಕಾರುತ್ತಿತ್ತು. 4 ಗಿಗಾಹರ್ಟ್ಸಿನ ಪೆಂಟಿಯಮ್ 4 ತರುತ್ತೇವೆಂದು ಹೇಳಿಕೊಂಡಿದ್ದ ಇಂಟೆಲ್ ಅದೇ ವರ್ಷ ಅದನ್ನು ಕೈಬಿಟ್ಟಿತು. 2006ರಲ್ಲಿ ಬಂದ ಕೋರ್ 2 ಡ್ಯುಯೊ ಮೂರು ಗಿಗಾಹರ್ಟ್ಸಿನ ಒಳಗೇ ಉಳಿದು, ಅಣ್ಣನನ್ನು ಸಲೀಸಾಗಿ ಹಿಂದೆ ಹಾಕಿತು.

ಅದು ಸಾಧ್ಯವಾದದ್ದು ಒಂದೊಂದು ಬಡಿತದಲ್ಲೂ ಹೆಚ್ಚು ಕೆಲಸ ಮುಗಿಸಿದ್ದರಿಂದ. ಅಲ್ಲಿಂದ ಇವತ್ತಿನವರೆಗೂ ಪ್ರೊಸೆಸರ್ ವಿನ್ಯಾಸಕಾರರ ಜಾಣತನವೆಲ್ಲ ಖರ್ಚಾಗಿರುವುದು ಇದರ ಮೇಲೇ. ಹೊಸ ಕೋರ್ ಒಂದೇ ಬಡಿತಕ್ಕೆ ನಾಲ್ಕಾರು ಆದೇಶಗಳನ್ನು ಕೈಗೆತ್ತಿಕೊಳ್ಳುತ್ತದೆ. ಒಂದಕ್ಕೆ ಬೇಕಾದ ಮಾಹಿತಿ ಬಂದಿಲ್ಲವೆಂದರೆ ಹಿಂದಿನದನ್ನು ಮುಂದೆ ತಂದು ಮುಗಿಸುತ್ತದೆ. ಎಲ್ಲಕ್ಕಿಂತ ಸ್ವಾರಸ್ಯ ಅದರ ಊಹೆಯದು. ಪ್ರೋಗ್ರಾಮಿನಲ್ಲಿ ‘ಹೀಗಿದ್ದರೆ ಆ ದಾರಿ, ಇಲ್ಲದಿದ್ದರೆ ಈ ದಾರಿ’ ಎಂಬ ಕವಲು ಹೆಜ್ಜೆಹೆಜ್ಜೆಗೂ ಬರುತ್ತದೆ. ಉತ್ತರ ಬರುವವರೆಗೆ ಕಾಯದೆ, ದಿನಾ ಬರುವ ಗಿರಾಕಿ ಬಾಯಿ ತೆರೆಯುವ ಮೊದಲೇ ಅವರ ಖಾಲಿ ದೋಸೆಗೆ ಹಿಟ್ಟು ಹುಯ್ಯುವ ಹೋಟೆಲಿನ ಭಟ್ಟರಂತೆ, ಪ್ರೊಸೆಸರ್ ಹಿಂದಿನ ರೂಢಿ ನೋಡಿ ಒಂದು ದಾರಿ ಹಿಡಿದೇ ಬಿಡುತ್ತದೆ. ಊಹೆ ತಪ್ಪಿದರೆ ಮಾಡಿದ್ದನ್ನೆಲ್ಲ ಚೆಲ್ಲಿ ಮತ್ತೆ ಶುರುಮಾಡಬೇಕು. ಪೆಂಟಿಯಮ್ 4ರ ಕೊನೆಕೊನೆಯ ಚಿಪ್‌ಗಳಲ್ಲಿ ಆದೇಶವೊಂದು 31 ಹಂತ ದಾಟಬೇಕಿತ್ತು. ಅಲ್ಲಿ ಒಂದು ಊಹೆ ತಪ್ಪಿದರೆ ನಷ್ಟ ಭಾರಿ. ಕೋರ್ 2ರಲ್ಲಿ ಹಂತಗಳು 14ಕ್ಕೆ ಇಳಿದವು. ಈಗಿನ ಚಿಪ್‌ಗಳಲ್ಲಿ ಊಹೆ ತಪ್ಪುವುದೇ ಅಪರೂಪ.

ಇದರ ಜೊತೆಗೆ ಕ್ಯಾಶ್ ಬೆಳೆಯಿತು. ರ‍್ಯಾಮ್‌ವರೆಗೆ ಹೋಗಿ ಬರುವ ಆ ನಾಲ್ಕು ನಿಮಿಷವನ್ನು ಉಳಿಸಲು ಪ್ರೊಸೆಸರಿನ ಪಕ್ಕದಲ್ಲೇ ಇಡುವ ಚಿಕ್ಕ ನೆನಪು ಇದು. 2022ರಲ್ಲಿ ಎಎಂಡಿ ತಂದ ರೈಜೆನ್ 7 5800ಎಕ್ಸ್3ಡಿ ಚಿಪ್‌ನಲ್ಲಿ ಮೂರನೇ ಹಂತದ ಕ್ಯಾಶ್ ಒಂದೇ 96 ಎಂಬಿ. ವಿಂಡೋಸ್ ಎಕ್ಸ್‌ಪಿ ನಡೆಯಲು ಮೈಕ್ರೊಸಾಫ್ಟ್ ಕೇಳಿದ್ದ ಕನಿಷ್ಠ ರ‍್ಯಾಮ್ 64 ಎಂಬಿ! ಅದೇ ಮೈಕ್ರೊಸಾಫ್ಟ್ ಈಗ ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಕೇಳುತ್ತದೆ. ನನ್ನನ್ನು ಕೇಳಿದರೆ 8ಕ್ಕಿಂತ ಕಡಿಮೆ ಹಾಕಿಸುವುದು ದಂಡ. ರ‍್ಯಾಮ್ ತುಂಬಿಹೋದರೆ ಯಂತ್ರ ಉಳಿದದ್ದನ್ನು ಡಿಸ್ಕ್‌ಗೆ ಇಳಿಸಿ, ಬೇಕಾದಾಗ ಮತ್ತೆ ಎತ್ತಿಕೊಳ್ಳುತ್ತದೆ. ಆಗ ಕಾಯುವ ಗೋಳು ಮತ್ತೆ ಶುರು.

ಯೂಟ್ಯೂಬ್ ಹಾಕಿದರೆ ಹಳೆಯ ಸಿಸ್ಟಮ್ ಫ್ಯಾನು ಕಿರುಚಿಕೊಳ್ಳುವುದಕ್ಕೂ ಒಂದು ಕಾರಣವಿದೆ. ಡೇಟಾ ಉಳಿಸಲೆಂದು ಇಂದಿನ ವಿಡಿಯೊಗಳನ್ನು ವಿಪಿ9, ಎವಿ1 ಎಂಬ ಹೊಸ ವಿಧಾನಗಳಲ್ಲಿ ಬಿಗಿಯಾಗಿ ಮಡಿಸಿರುತ್ತಾರೆ. ಅವನ್ನು ಬಿಡಿಸುವುದಕ್ಕೆಂದೇ ಹೊಸ ಚಿಪ್‌ಗಳಲ್ಲಿ ಪ್ರತ್ಯೇಕ ಭಾಗವಿದೆ. ಹಳೆಯದರಲ್ಲಿ ಇಡೀ ಹೊರೆ ಮುಖ್ಯ ಪ್ರೊಸೆಸರಿನ ತಲೆಗೇ ಬೀಳುತ್ತದೆ. ಅದು ಸವೆದಿಲ್ಲ, ಅದು ಹುಟ್ಟಿದಾಗ ಈ ಕೆಲಸವೇ ಇರಲಿಲ್ಲ.

ಹಾಗಾದರೆ ಪೂರ್ತಿ ಹೊಸದೇ ಬೇಕೆ? ಅಂಗಡಿಗೆ ಹೋಗುವ ಮೊದಲು ಒಂದು ಪರೀಕ್ಷೆ ಮಾಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಸಿಸ್ಟಮ್ ಹ್ಯಾಂಗ್ ಆದಂತೆ ಕೂತಾಗ ಸಿಪಿಯು ಕಾಲಮ್ಮಿನಲ್ಲಿ ಹತ್ತೋ ಹದಿನೈದೋ ಇದ್ದು ಡಿಸ್ಕ್ ಕಾಲಮ್ಮಿನಲ್ಲಿ ನೂರು ಕಂಡರೆ, ರೋಗ ಡಿಸ್ಕ್‌ನದು. ನಾಲ್ಕನೇ ಪೀಳಿಗೆಯ ಇಂಟೆಲ್‌ನಿಂದ ಈಚಿನ ಯಂತ್ರವಾದರೆ ಒಂದು ಸಾಟಾ ಎಸ್‌ಎಸ್‌ಡಿ ಮತ್ತು ಇನ್ನೊಂದು ರ‍್ಯಾಮ್ ತುಂಡು ಸಾಕು. ಟೈಪಿಂಗ್, ಲೆಕ್ಕಪತ್ರ, ಬ್ರೌಸರ್ ಕೆಲಸಕ್ಕೆ ಅದು ಇನ್ನೂ ಹಲವು ವರ್ಷ ಬಂದೀತು. ರ‍್ಯಾಮ್ ಕೊಳ್ಳುವಾಗ ಹಳೇ ತುಂಡನ್ನು ಕೈಯಲ್ಲೇ ಒಯ್ಯಿರಿ. ಡಿಡಿಆರ್3, 4, 5 ಇವುಗಳ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ, ಒಂದರ ಸಾಕೆಟ್ಟಿನಲ್ಲಿ ಇನ್ನೊಂದು ಕೂರುವುದಿಲ್ಲ. ಎಐ ದತ್ತಾಂಶ ಕೇಂದ್ರಗಳ ಹಸಿವಿನಿಂದಾಗಿ 2025ರ ಕೊನೆಯಿಂದ ಹೊಸ ರ‍್ಯಾಮ್ ದುಬಾರಿಯಾಗಿದೆ. ಹಾಗಾಗಿ ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಸಿಗುವ ಹಳೇ ಡಿಡಿಆರ್3ಗೆ ಈಗ ಇನ್ನಷ್ಟು ಮರ್ಯಾದೆ.

ಕೋರ್ 2 ಡ್ಯುಯೊ ಅಥವಾ ಅದಕ್ಕೂ ಹಿಂದಿನದಾದರೆ ಅದಕ್ಕೆ ಹಣ ಸುರಿಯಬೇಡಿ. ಬೋರ್ಡಿನ ಕೆಪಾಸಿಟರುಗಳು ಉಬ್ಬಿರಬಹುದು, ಕರೆಂಟು ಒದಗಿಸುವ ಎಸ್‌ಎಂಪಿಎಸ್ ದಣಿದಿರಬಹುದು. 2023ರಲ್ಲಿ ಬಂದ ಎನ್100 ಎಂಬ ಸಣ್ಣ ಚಿಪ್ ಲೆಕ್ಕಕ್ಕೆ 6 ವಾಟಿನದು. ನಾಲ್ಕು ಕೋರುಗಳಿರುವ ಇದನ್ನು ಹಾಕಿದ ಅಂಗೈಯಗಲದ ಮಿನಿ ಪಿಸಿ ಆ ದೊಡ್ಡ ಡಬ್ಬವನ್ನು ಎಲ್ಲದರಲ್ಲೂ ಸೋಲಿಸುತ್ತದೆ. ಅಡಿಗಡಿಗೆ ಕರೆಂಟು ಹೋಗುವ ಊರಿನಲ್ಲಿ ಯುಪಿಎಸ್ ಮೇಲೆ ಹೆಚ್ಚು ಹೊತ್ತು ನಿಲ್ಲುವುದೂ ಇದೇ.

ಮಧ್ಯದ ಪೀಳಿಗೆಯವರ ಪಾಡು ಮಾತ್ರ ವಿಚಿತ್ರ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್ ಚಿಪ್ ಆದರೆ ಎಂಟನೇ ಪೀಳಿಗೆ ಅಥವಾ ಈಚಿನದು ಇರಬೇಕು, ಗುಪ್ತ ಕೀಲಿಗಳನ್ನು ಕಾಪಾಡುವ ಟಿಪಿಎಂ 2.0 ಇರಬೇಕು ಎಂಬುದು ಮೈಕ್ರೊಸಾಫ್ಟಿನ ಕರಾರು. ಭದ್ರತೆಯ ದೃಷ್ಟಿಯಿಂದ ಟಿಪಿಎಂ ಒಳ್ಳೆಯದೇ. ಆದರೆ ಏಳನೇ ಪೀಳಿಗೆಯ ಗಟ್ಟಿಮುಟ್ಟಾದ ಐ7ಗಳನ್ನೂ ಹೊರಗಿಟ್ಟದ್ದು ನನಗೆ ಒಪ್ಪಿಗೆಯಿಲ್ಲ. ಅಂಥವನ್ನು ಎಸೆಯುವ ಮುನ್ನ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿ ನೋಡುವುದು ಲೇಸು.

ಹೊಸ ಯಂತ್ರ ಬಂದ ಮೇಲೆ ಕನ್ನಡದವರಿಗೊಂದು ಹೆಚ್ಚಿನ ಕೆಲಸ ಕಾದಿರುತ್ತದೆ. ಡಿಟಿಪಿ ಅಂಗಡಿ, ಮಠ, ಸಂಘ, ಲೇಖಕರ ಮನೆಗಳ ಹಳೇ ಹಾರ್ಡ್‌ಡಿಸ್ಕ್‌ಗಳಲ್ಲಿ ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಹಳೇ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಫೈಲುಗಳು ರಾಶಿ ಬಿದ್ದಿವೆ. ಅವುಗಳಲ್ಲಿ ಉಳಿದಿರುವುದು ಇಂಗ್ಲಿಷ್ ಸಂಕೇತಗಳು, ಫಾಂಟು ಅವಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಆ ಫಾಂಟು ಇಲ್ಲದ ಹೊಸ ಸಿಸ್ಟಮ್ಮಿನಲ್ಲಿ ತೆರೆದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹಳೇ ಯಂತ್ರ ಇನ್ನೂ ಉಸಿರಾಡುತ್ತಿರುವಾಗಲೇ ಫಾಂಟುಗಳನ್ನು ನಕಲು ಮಾಡಿಕೊಳ್ಳಿ, ಫೈಲುಗಳನ್ನು ಎಲ್ಲ ಹೊಸ ಯಂತ್ರಗಳೂ ಓದುವ ಯೂನಿಕೋಡಿಗೆ ಬದಲಾಯಿಸಿ. ಪರಿವರ್ತಕ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ಬದಲಾದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳ ಮೇಲೆ ಒಮ್ಮೆ ಕಣ್ಣಾಡಿಸಬೇಕು. ಹಳೇ ಫಾಂಟಿನಲ್ಲಿ ಅವು ಕಣ್ಣಿಗೆ ಕಂಡ ಕ್ರಮದಲ್ಲಿ ಕೂತಿದ್ದರಿಂದ ಜಾಗ ತಪ್ಪುವ ಸಂಭವ ಹೆಚ್ಚು.

ಹಳೇ ಹಾರ್ಡ್‌ಡಿಸ್ಕನ್ನು ಇಷ್ಟು ಹೊತ್ತು ದೂರಿದ್ದೇನೆ, ಅದರ ಪರವಾಗಿಯೂ ಒಂದು ಮಾತು. ವರ್ಷಗಟ್ಟಲೆ ಕರೆಂಟು ಕಾಣದೆ ಬೀರುವಿನಲ್ಲಿ ಬಿದ್ದ ಎಸ್‌ಎಸ್‌ಡಿಯ ಕೋಣೆಗಳಿಂದ ಎಲೆಕ್ಟ್ರಾನುಗಳು ನಿಧಾನಕ್ಕೆ ಸೋರಬಹುದು. ಡಿಸ್ಕ್‌ನ ಕಾಂತೀಯ ಗುರುತು ಅದಕ್ಕಿಂತ ಬಾಳಿಕೆಯದು. ಮಕ್ಕಳ ಫೋಟೊ, ಮನೆಯ ಪತ್ರಗಳ ಎರಡನೇ ಪ್ರತಿಯನ್ನು ಅದರಲ್ಲಿಡಬಹುದು, ಒಂದೇ ಪ್ರತಿಯನ್ನು ಮಾತ್ರ ಬೇಡ. ಹೊಸದರ ಬಗ್ಗೆಯೂ ಒಂದು ಎಚ್ಚರ ಬೇಕು: ಹೊಸ ವಿಂಡೋಸ್ 11 ಯಂತ್ರಗಳು ಹಲವು ಸಲ ಕೇಳದೆಯೇ ಡಿಸ್ಕ್‌ಗೆ ಗೂಢಲಿಪಿಯ ಬೀಗ ಹಾಕಿಬಿಡುತ್ತವೆ. ಅದರ ರಿಕವರಿ ಕೀಯನ್ನು ಮೊದಲ ದಿನವೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಉಳಿದ ಡಬ್ಬವನ್ನು ಗುಜರಿಯವರಿಗೆ ತೂಕಕ್ಕೆ ಹಾಕಬೇಡಿ. ಹಳೇ ಪಿಕ್ಚರ್ ಟ್ಯೂಬ್ ಮಾನಿಟರಿನ ಗಾಜಿನಲ್ಲಿ ಸೀಸವಿದೆ, ಹಳೇ ಬೋರ್ಡಿನ ಬೆಸುಗೆಯಲ್ಲೂ ಇರಬಹುದು. ಬಯಲಲ್ಲಿ ಸುಟ್ಟರೆ ಅದು ಸೇರುವುದು ನಾವು ಉಸಿರಾಡುವ ಗಾಳಿಗೆ, ಕುಡಿಯುವ ನೀರಿಗೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ, ಬೆಂಗಳೂರಿನ ಹತ್ತಿರ ದಾಬಸ್‌ಪೇಟೆಯಲ್ಲಿ ಇ-ಪರಿಸರದಂಥ ಮರುಬಳಕೆ ಘಟಕವೂ ಇದೆ. ಅಧಿಕೃತವಾಗಿ ಸಂಗ್ರಹಿಸುವವರಿಗೇ ಕೊಡಿ. ಕೊಡುವ ಮೊದಲು ಸ್ಕ್ರೂ ಬಿಚ್ಚಿ ಹಾರ್ಡ್‌ಡಿಸ್ಕ್ ತೆಗೆದಿಟ್ಟುಕೊಳ್ಳಿ: ಡಿಲೀಟ್ ಒತ್ತಿದಾಗ ಅಳಿಯುವುದು ಫೈಲಿನ ವಿಳಾಸವಷ್ಟೆ, ನಿಮ್ಮ ಬ್ಯಾಂಕಿನ ಕಾಗದಪತ್ರ ಅಲ್ಲೇ ಇರುತ್ತದೆ.