ಇಳುವರಿಯ ಗುಟ್ಟು

ಬೆಳ್ಳೂರಿನ ರೈತನಿಗೆ ಇಳುವರಿಯೆಂಬ ಮಾತು ಹೊಸದಲ್ಲ. ಬಿತ್ತಿದುದೆಲ್ಲವೂ ಬೆಳೆಯದು, ಬೆಳೆದುದೆಲ್ಲವೂ ಕಣಕ್ಕೆ ಬಾರದು. ಗಣಕಯಂತ್ರದ ಮಿದುಳೆನಿಸಿದ ಪ್ರೊಸೆಸರ್ ಚಿಪ್‌ಗಳ ತಯಾರಿಕೆಯಲ್ಲಿಯೂ ಈ ಮಾತೇ ಸಲ್ಲುತ್ತದೆ. ಒಂದು ಸಿಲಿಕಾನ್ ಬಿಲ್ಲೆಯ ಮೇಲೆ ರೂಪುಗೊಂಡ ಚಿಪ್‌ಗಳಲ್ಲಿ ನೂರಕ್ಕೆ ಎಷ್ಟು ನಿರ್ದುಷ್ಟವಾಗಿ ಹೊರಬರುವುವೋ ಅದೇ ಅಲ್ಲಿಯ ಇಳುವರಿ. ಇದು ಕಾರ್ಖಾನೆಯ ಶುಚಿತ್ವವನ್ನು ಮಾತ್ರವಲ್ಲದೆ ವಿನ್ಯಾಸಕಾರನ ವಿವೇಕವನ್ನೂ ಅವಲಂಬಿಸಿದೆಯೆಂಬುದು ಗಮನಾರ್ಹವಾದ ಸಂಗತಿ.

ಬಿಲ್ಲೆಯ ವ್ಯಾಸ ಸಾಮಾನ್ಯವಾಗಿ 300 ಮಿಲಿಮೀಟರ್. ಅದರ ಮೇಲೆ ಕಣ್ಣಿಗೆ ಕಾಣದ ಧೂಳಿನ ಕಣವೊಂದು ಬಿದ್ದರೂ ಆ ಎಡೆಯ ಚಿಪ್ ಕೆಡಬಹುದು. ಒಂದು ಥಾನು ಬಟ್ಟೆಯಲ್ಲಿ ನಾಲ್ಕು ಕಡೆ ನೂಲು ಹರಿದಿದೆಯೆಂದು ಭಾವಿಸಬಹುದು. ಅದರಿಂದ ನಾಲ್ಕು ಪಂಚೆಗಳನ್ನು ಕತ್ತರಿಸಿದರೆ ನಾಲ್ಕೂ ಕೆಡುವ ಸಂಭವವುಂಟು. ನಲವತ್ತು ಕರವಸ್ತ್ರಗಳನ್ನು ಕತ್ತರಿಸಿದರೆ ನಾಲ್ಕು ಕೆಟ್ಟರೂ ಮೂವತ್ತಾರು ಉಳಿಯುತ್ತವೆ. ಹರಕುಗಳ ಸಂಖ್ಯೆ ಒಂದೇ. ನಷ್ಟ ಮಾತ್ರ ಬೇರೆ. ಚಿಪ್ ದೊಡ್ಡದಾದಷ್ಟೂ ಇಳುವರಿ ಕುಗ್ಗುವುದರ ಕಾರಣವಿದು.

ಇದಕ್ಕೆ ನಿದರ್ಶನಗಳನ್ನು ದೂರದಲ್ಲಿ ಅರಸಬೇಕಾಗಿಲ್ಲ. 2008ರಲ್ಲಿ ಹೊರಬಂದ ಇಂಟೆಲ್ ಸಂಸ್ಥೆಯ ಕ್ಸಿಯಾನ್ 7400 ಪ್ರೊಸೆಸರ್ ಬೆಂಗಳೂರಿನಲ್ಲಿಯೇ ವಿನ್ಯಾಸಗೊಂಡಿತು. ಸುಮಾರು 190 ಕೋಟಿ ಟ್ರಾನ್ಸಿಸ್ಟರುಗಳೂ, ಕೋರ್‌ಗಳೆಂಬ ಆರು ಗಣನಘಟಕಗಳೂ ಒಂದೇ ಅಖಂಡ ಚಿಪ್‌ನಲ್ಲಿ ಅಡಕವಾಗಿದ್ದವು. ಇಂತಹ ದೊಡ್ಡ ಚಿಪ್‌ಗಳಲ್ಲಿ ಒಂದೆರಡು ಕೋರ್ ಕೆಟ್ಟರೆ ಅವನ್ನು ನಿಷ್ಕ್ರಿಯಗೊಳಿಸಿ, ಉಳಿದವುಗಳೊಡನೆ ಕಡಿಮೆ ಬೆಲೆಗೆ ಮಾರುವುದು ಈ ಉದ್ಯಮದ ರೂಢಿ.

ಪ್ರತಿಸ್ಪರ್ಧಿಯಾದ ಎ.ಎಂ.ಡಿ. ಸಂಸ್ಥೆಯು 2017ರಲ್ಲಿ ಬೇರೊಂದು ಹಾದಿ ಹಿಡಿಯಿತು. ತನ್ನ 32 ಕೋರ್‌ಗಳ ಎಪಿಕ್ ಪ್ರೊಸೆಸರನ್ನು ನಾಲ್ಕು ಸಣ್ಣ ಚಿಪ್‌ಗಳಿಂದ ಜೋಡಿಸಿತು. ಆ ಸಂಸ್ಥೆಯ ಲೆಕ್ಕದಂತೆ, ಅಖಂಡವಾಗಿದ್ದರೆ 777 ಚದರ ಮಿಲಿಮೀಟರ್ ಸಾಕಾಗುತ್ತಿದ್ದ ಸಿಲಿಕಾನ್, ನಾಲ್ಕಾಗಿ ಒಡೆದಾಗ 852ಕ್ಕೆ ಏರಿತು. ಆದರೂ ತಯಾರಿಕೆಯ ವೆಚ್ಚ ಅಖಂಡ ಚಿಪ್‌ನ ನೂರಕ್ಕೆ 59ರಷ್ಟಕ್ಕೆ ಇಳಿಯಿತು.

ಹಾಗೆಂದು ತುಂಡರಿಸುವುದೇ ಸರ್ವೋತ್ತಮ ಮಾರ್ಗವೆನ್ನಲಾಗದು. ತುಂಡುಗಳ ನಡುವೆ ಮಾಹಿತಿ ಸಾಗಿಸಲು ಹೆಚ್ಚಿನ ವಿದ್ಯುತ್ತೂ ಕಾಲವೂ ವ್ಯಯವಾಗುತ್ತವೆ. ಜೋಡಣೆಯಲ್ಲಿಯೂ ದೋಷ ನುಸುಳಬಹುದು. ಅಖಂಡ ಚಿಪ್‌ಗೇ ಬಹುಕಾಲ ಒಲವು ತೋರಿದ ಇಂಟೆಲ್ ಸಹ 2023ರ ಜನವರಿಯಲ್ಲಿ ತನ್ನ ನಾಲ್ಕನೆಯ ಪೀಳಿಗೆಯ ಕ್ಸಿಯಾನ್‌ನ ದೊಡ್ಡ ಮಾದರಿಗಳನ್ನು ನಾಲ್ಕು ತುಂಡುಗಳಿಂದ ಕಟ್ಟಿತು. ಅದೇ ವರ್ಷದ ನವೆಂಬರ್‌ನಲ್ಲಿ ಎ.ಎಂ.ಡಿ. ತನ್ನ ಅತಿದೊಡ್ಡ ವಿನ್ಯಾಸ ಕೇಂದ್ರವನ್ನು ಬೆಂಗಳೂರಿನಲ್ಲಿ ತೆರೆಯಿತು.

ಈ ಲೆಕ್ಕಾಚಾರಕ್ಕೆಲ್ಲ ಬುನಾದಿ ಶಾಲೆಯಲ್ಲಿ ಕಲಿಸುವ ಕ್ಷೇತ್ರಫಲ ಮತ್ತು ಸಂಭವನೀಯತೆಯ ಗಣಿತವೇ. ಬೆಳ್ಳೂರಿನಿಂದ ಬೆಂಗಳೂರು ಬಹುದೂರವಿಲ್ಲ. ಆ ಗಣಿತವನ್ನು ಅರ್ಥವರಿತು ಕಲಿತ ಮಗುವಿಗೆ ಅಲ್ಲಿಯ ವಿನ್ಯಾಸಶಾಲೆಗಳೂ ದೂರವಲ್ಲ. ದೋಷವನ್ನು ಸಂಪೂರ್ಣವಾಗಿ ನೀಗಲಾಗದಿದ್ದರೂ, ಒಂದು ದೋಷದಿಂದ ಸಮಸ್ತವೂ ಕೆಡದಂತೆ ಮೊದಲೇ ಯೋಜಿಸಬಹುದು. ಚಿಪ್‌ನ ವಿನ್ಯಾಸಕಾರನು ಕಲಿಸುವ ಈ ಪಾಠವು ವಿದ್ಯಾದಾನದಲ್ಲಿ ತೊಡಗಿದವರಿಗೂ ಮನನಯೋಗ್ಯವಾದುದು.