ಒಂದೇ ಕಡತ, ಎರಡು ಬಗೆಯ ಬೀಗ

ಕಚೇರಿಯ ಹಲವು ಗಣಕಗಳು ಸರ್ವರ್‌ನಲ್ಲಿರುವ ಒಂದೇ ಕಡತವನ್ನು ಜಾಲದ ಮೂಲಕ ತೆರೆದು ತಿದ್ದುವಾಗ, ಕೊನೆಗೆ ಸೇವ್ ಮಾಡಿದವರ ಪ್ರತಿ ಮಾತ್ರ ಉಳಿದು ಮೊದಲಿನವರ ಕೆಲಸ ಸದ್ದಿಲ್ಲದೆ ಅಳಿಸಿಹೋಗುವ ಅಪಾಯವಿರುತ್ತದೆ. ಇದನ್ನು ತಪ್ಪಿಸಲು ಕಾರ್ಯಾಚರಣ ವ್ಯವಸ್ಥೆಗಳು ಹಾಕುವ ತಡೆಗೆ ಫೈಲ್ ಲಾಕಿಂಗ್, ಅಂದರೆ ಕಡತಬೀಗ ಎಂದು ಹೆಸರು. ವಿಂಡೋಸ್‌ನಲ್ಲೂ ಯುನಿಕ್ಸ್, ಲಿನಕ್ಸ್‌ಗಳಲ್ಲೂ ಈ ಬೀಗವಿದೆಯಾದರೂ, ಒಂದರ ಬೀಗ ಇನ್ನೊಂದಕ್ಕೆ ಅನೇಕ ವೇಳೆ ಕಾಣಿಸುವುದೇ ಇಲ್ಲ.

ಈ ಬೀಗಗಳ ವ್ಯತ್ಯಾಸವನ್ನು ರೈಲು ಹಳಿಯ ಹೋಲಿಕೆಯಿಂದ ತಿಳಿಯಬಹುದು. ಚಿಕ್ಕಜಾಜೂರು ಜಂಕ್ಷನ್‌ನಿಂದ ಚಿತ್ರದುರ್ಗದ ಕಡೆಗೆ ಕವಲೊಡೆಯುವ ಹಳಿಯಂಥ ಏಕಮಾರ್ಗಗಳಲ್ಲಿ, ಎರಡು ನಿಲ್ದಾಣಗಳ ನಡುವೆ ಒಮ್ಮೆಗೆ ಒಂದೇ ರೈಲು ಓಡುವಂತೆ ನೋಡಿಕೊಳ್ಳಲು ಭಾರತೀಯ ರೈಲ್ವೆ ಬಹುಕಾಲ ನೆಚ್ಚಿಕೊಂಡದ್ದು ಟೋಕನ್ ಪದ್ಧತಿಯನ್ನು. ಯಂತ್ರದಿಂದ ಟೋಕನ್ ಆಗಿರುವ ಲೋಹದ ಗುಂಡೊಂದು ಹೊರಬಂದರೆ, ಅದು ಮರಳಿ ಯಂತ್ರ ಸೇರುವವರೆಗೆ ಇನ್ನೊಂದು ಹೊರಬಾರದು. ಆದರೆ ಗುಂಡು ಪಡೆಯದೆ ಹೊರಟ ಎಂಜಿನ್ನನ್ನು ಹಳಿ ತಾನಾಗಿ ತಡೆಯದು. ಚಾಲಕ ನಿಯಮ ಪಾಲಿಸಿದರಷ್ಟೇ ರಕ್ಷಣೆ. ಯುನಿಕ್ಸ್‌ನ ಬೀಗವೂ ಬಹುಮಟ್ಟಿಗೆ ಇಂಥದ್ದೇ ಆದ್ದರಿಂದ ಅದನ್ನು ಸಲಹಾತ್ಮಕ ಬೀಗ ಎನ್ನಬಹುದು: ಬರೆಯುವ ಮುನ್ನ ಬೀಗವಿದೆಯೇ ಎಂದು ಕೇಳುವ ಪ್ರೋಗ್ರಾಮು ಕಾಯುತ್ತದೆ, ಕೇಳದ ಪ್ರೋಗ್ರಾಮು ನೇರವಾಗಿ ಬರೆದುಬಿಡುತ್ತದೆ. ವಿಂಡೋಸ್‌ನಲ್ಲಾದರೋ ಕಡತ ತೆರೆಯುವಾಗಲೇ ಇತರರು ಓದಬಹುದೇ, ಬರೆಯಬಹುದೇ ಎಂಬುದನ್ನು ಘೋಷಿಸಬೇಕಾಗಿದ್ದು, ಆ ಘೋಷಣೆಯನ್ನು ಮೀರಲು ಬಂದವರನ್ನು ವ್ಯವಸ್ಥೆಯೇ ಹೊರಗಿಡುತ್ತದೆ. ಯುನಿಕ್ಸ್‌ನ ಒಳಗೂ ಎಲ್ಲ ಸರಿಯಿಲ್ಲ. ಒಂದೇ ಪ್ರೋಗ್ರಾಮು ಒಂದು ಕಡತವನ್ನು ಎರಡು ಸಲ ತೆರೆದು ಒಂದನ್ನು ಮುಚ್ಚಿದರೆ, ಯುನಿಕ್ಸ್ ವ್ಯವಸ್ಥೆಗಳು ಪಾಲಿಸುವ ಪಾಸಿಕ್ಸ್ ಮಾನಕದ ಪ್ರಕಾರ ಆ ಕಡತದ ಮೇಲೆ ಅದು ಹಾಕಿದ ಬೀಗಗಳೆಲ್ಲ ಕಳಚಿಬೀಳುತ್ತವೆ. ಇದನ್ನು ವಿನ್ಯಾಸದ ದೋಷವೆನ್ನದೆ ಬೇರೆ ದಾರಿಯಿಲ್ಲ.

ನಡುವೆ ಜಾಲ ಬಂದಾಗ ಗೊಂದಲ ಇನ್ನಷ್ಟು ಬಿಗಡಾಯಿಸುತ್ತದೆ. ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ರೂಪಿಸಿದ ಎನ್‌ಎಫ್‌ಎಸ್ ಎಂಬ ಜಾಲ ಕಡತ ವ್ಯವಸ್ಥೆಯ ಸರ್ವರ್, ಯಾರು ಯಾವ ಕಡತ ತೆರೆದಿದ್ದಾರೆಂಬುದನ್ನು ನೆನಪಿಡುತ್ತಿರಲಿಲ್ಲವಾದ್ದರಿಂದ ಬೀಗಕ್ಕೆಂದೇ ಪ್ರತ್ಯೇಕ ಸೇವೆಯೊಂದನ್ನು ಜೋಡಿಸಬೇಕಾಯಿತು. ನಾಲ್ಕನೆಯ ಆವೃತ್ತಿಯಲ್ಲಷ್ಟೇ ಬೀಗ ಮೂಲ ವ್ಯವಸ್ಥೆಯೊಳಗೆ ಸೇರಿ, ಆಗಾಗ ನವೀಕರಿಸದಿದ್ದರೆ ರದ್ದಾಗುವ ಗೇಣಿಯ ರೂಪ ಪಡೆಯಿತು. ವಿಂಡೋಸ್ ಗಣಕಗಳು ಬಳಸುವುದು ಎಸ್‌ಎಂಬಿ ಎಂಬ ಬೇರೆ ಪದ್ಧತಿ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಆರಂಭಿಸಿದ ಸಾಂಬಾ ತಂತ್ರಾಂಶವು ಲಿನಕ್ಸ್ ಸರ್ವರ್ ಈ ಪದ್ಧತಿಯಲ್ಲೇ ಮಾತಾಡುವಂತೆ ಮಾಡುತ್ತದೆ. ಕಡತದ ನಿರ್ದಿಷ್ಟ ಭಾಗಕ್ಕೆ ಹಾಕಿದ ಬೀಗವನ್ನು ಅದು ಯುನಿಕ್ಸ್ ಬೀಗವಾಗಿ ಪರಿವರ್ತಿಸಬಲ್ಲದು. ತೆರೆಯುವಾಗಿನ ಘೋಷಣೆಗೆ ಯುನಿಕ್ಸ್‌ನಲ್ಲಿ ಸಮಾನವಾದುದಿಲ್ಲದ ಕಾರಣ ಅದನ್ನು ತನ್ನದೇ ದಾಖಲೆಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಅದೇ ಫೋಲ್ಡರನ್ನು ಎನ್‌ಎಫ್‌ಎಸ್ ಮೂಲಕ ತಲುಪಿದ ಇನ್ನೊಂದು ಗಣಕ ಆ ದಾಖಲೆಯನ್ನು ನೋಡುವುದಿಲ್ಲ.

ಕಚೇರಿ ತಂತ್ರಾಂಶಗಳು ಇದಕ್ಕೆ ತಮ್ಮದೇ ಉಪಾಯ ಹೂಡಿವೆ. ಲಿಬ್ರೆಆಫೀಸ್‌ನಲ್ಲಿ ಕಡತ ತೆರೆದೊಡನೆ ಅದರ ಪಕ್ಕದಲ್ಲೇ ತೆರೆದವರ ಹೆಸರು, ಗಣಕ, ವೇಳೆಗಳಿರುವ ಪುಟ್ಟದೊಂದು ಅಡಗಿದ ಕಡತ ಹುಟ್ಟಿಕೊಳ್ಳುತ್ತದೆ. ಕರೆಂಟು ಹೋಗಿ ಗಣಕ ಥಟ್ಟನೆ ಆರಿದರೆ ಆ ಚೀಟಿ ಅಲ್ಲೇ ಉಳಿದು, ಯಾರೂ ಬಳಸದ ಕಡತವೂ ಬಳಕೆಯಲ್ಲಿದೆಯೆಂಬ ಸೂಚನೆ ಕಾಣಿಸಿಕೊಳ್ಳುತ್ತದೆ.

ಆದ್ದರಿಂದ ಹಂಚಿಕೆಯ ಫೋಲ್ಡರೊಂದನ್ನು ಎಲ್ಲ ಗಣಕಗಳಿಗೂ ಒಂದೇ ಪದ್ಧತಿಯಲ್ಲಿ ಒದಗಿಸುವುದು ಕ್ಷೇಮ. ಹಲವರು ಏಕಕಾಲದಲ್ಲಿ ತಿದ್ದುವ ಲೆಕ್ಕಪತ್ರಗಳನ್ನು ಹಂಚಿಕೆಯ ಕಡತದಲ್ಲಿಡದೆ ಪೋಸ್ಟ್‌ಗ್ರೆಸ್‌ನಂಥ ದತ್ತಸಂಚಯ ಸರ್ವರ್‌ಗೆ ಒಪ್ಪಿಸಬೇಕು. ಕಡತವನ್ನೇ ನೆಚ್ಚಿದ ಎಸ್‌ಕ್ಯೂಲೈಟ್ ಎಂಬ ದತ್ತಸಂಚಯ ತಂತ್ರಾಂಶದ ನಿರ್ಮಾತೃಗಳೂ ಜಾಲದ ಕಡತಬೀಗವನ್ನು ನಂಬಬೇಡಿರೆಂದೇ ಎಚ್ಚರಿಸಿದ್ದಾರೆ.