ನ್ಯೂಕ್ಯಾಸಲ್: ದೊಡ್ಡ ಮ್ಯಾನೇಜರ್ ಯಾರು, ಕೆಟ್ಟ ಮಾಲೀಕ ಯಾರು?

ಲಿವರ್‌ಪೂಲ್‌ನಲ್ಲಿ ಎರಡು ದೊಡ್ಡ ಕ್ಲಬ್, ಮ್ಯಾಂಚೆಸ್ಟರ್‌ನಲ್ಲಿ ಎರಡು, ಲಂಡನ್‌ನಲ್ಲಂತೂ ಕೇರಿಗೊಂದು. ಇಂಗ್ಲೆಂಡಿನ ಈಶಾನ್ಯ ಮೂಲೆಯ ನ್ಯೂಕ್ಯಾಸಲ್‌ಗೆ ಮಾತ್ರ ಒಂದೇ. ಊರ ನಡುವಿನ ಏರಿನ ಮೇಲೆ 52,000 ಜನ ಹಿಡಿಸುವ ಸೇಂಟ್ ಜೇಮ್ಸ್ ಪಾರ್ಕ್ ಕ್ರೀಡಾಂಗಣ. ಊರಿನವರೆಲ್ಲ ಒಂದೇ ಕಡೆಯವರಾದ್ದರಿಂದ ಜಗಳವಾಡಲು ಎದುರಾಳಿ ಕ್ಲಬ್ ಸಿಗುವುದಿಲ್ಲ, ಹಾಗಾಗಿ ತಮ್ಮತಮ್ಮಲ್ಲೇ ಆಡುತ್ತಾರೆ. ಮುಗಿಯದ ಜಗಳ ಎರಡು: ಕ್ಲಬ್ ಕಂಡ ಅತ್ಯುತ್ತಮ ಮ್ಯಾನೇಜರ್ ಕೆವಿನ್ ಕೀಗನ್ನೋ, ಬಾಬಿ ರಾಬ್ಸನ್ನೋ, ಈಗಿನ ಕಾಲದ ಎಡ್ಡಿ ಹೌ ಅವರೋ? ಮೈಕ್ ಆ್ಯಶ್ಲಿಯಂಥ ಕೆಟ್ಟ ಮಾಲೀಕ ಇನ್ನೊಬ್ಬ ಇದ್ದನೇ?

ಈ ಎರಡನ್ನೂ ಬೇರೆ ಬೇರೆ ಪ್ರಶ್ನೆಗಳೆಂದು ವಾದಿಸುವುದರಲ್ಲೇ ಅರ್ಧ ತಪ್ಪು ಕಲ್ಪನೆಗಳು ಹುಟ್ಟಿವೆ.

ತಪ್ಪು ಕಲ್ಪನೆ: ಕೈಗೆ ಬಂದಿದ್ದ ಲೀಗ್ ಪ್ರಶಸ್ತಿಯನ್ನು ಕೀಗನ್ ಟಿವಿಯಲ್ಲಿ ಕೂಗಾಡಿ ಕಳೆದುಕೊಂಡರು

1996ರ ಏಪ್ರಿಲ್ 29ರ ಆ ದೃಶ್ಯವನ್ನು ನೋಡದ ಫುಟ್‌ಬಾಲ್ ಪ್ರೇಮಿ ಕಡಿಮೆ. ಕಿವಿಗೆ ದಪ್ಪ ಹೆಡ್‌ಫೋನ್ ಸಿಕ್ಕಿಸಿಕೊಂಡ ಕೀಗನ್, ಕ್ಯಾಮೆರಾದತ್ತ ಬೆರಳು ತಿವಿಯುತ್ತ, ಮ್ಯಾಂಚೆಸ್ಟರ್ ಯುನೈಟೆಡ್‌ನ ಅಲೆಕ್ಸ್ ಫರ್ಗ್ಯುಸನ್ ಮೇಲೆ ಹರಿಹಾಯುತ್ತಿದ್ದಾರೆ. ಫರ್ಗ್ಯುಸನ್ ಬೀಸಿದ ಮಾತಿನ ಬಲೆಗೆ ಬಿದ್ದು ಕೀಗನ್ ಬುದ್ಧಿ ಕೆಡಿಸಿಕೊಂಡರು, ತಂಡ ಅಲ್ಲಿಂದ ಕುಸಿಯಿತು ಎಂಬುದು ಮೂವತ್ತು ವರ್ಷಗಳಿಂದ ನಡೆದುಬಂದ ಕಥೆ.

ತಾರೀಖುಗಳನ್ನು ಜೋಡಿಸಿ ನೋಡಿದರೆ ಕಥೆ ನಿಲ್ಲುವುದಿಲ್ಲ. ಅಂದು ರಾತ್ರಿ ನ್ಯೂಕ್ಯಾಸಲ್ ಸೋತಿರಲಿಲ್ಲ. ಲೀಡ್ಸ್ ತಂಡವನ್ನು ಅದರ ಅಂಗಳದಲ್ಲೇ 1-0ಯಿಂದ ಸೋಲಿಸಿತ್ತು. ಆದರೆ ಜನವರಿಯಲ್ಲಿದ್ದ 12 ಅಂಕಗಳ ಮುನ್ನಡೆ ಅಷ್ಟು ಹೊತ್ತಿಗೆ ಕರಗಿ ಹೋಗಿತ್ತು. ಯುನೈಟೆಡ್ 79 ಅಂಕ ಗಳಿಸಿ ಒಂದು ಪಂದ್ಯ ಉಳಿಸಿಕೊಂಡಿತ್ತು; ನ್ಯೂಕ್ಯಾಸಲ್ 76 ಅಂಕದಲ್ಲಿದ್ದು ಎರಡು ಪಂದ್ಯ ಆಡಬೇಕಿತ್ತು. ಎರಡನ್ನೂ ಗೆದ್ದು, ಆಚೆ ಯುನೈಟೆಡ್ ತನ್ನ ಕೊನೆಯ ಪಂದ್ಯ ಗೆದ್ದಿದ್ದರೆ ಇಬ್ಬರಿಗೂ 82. ಗೋಲು ವ್ಯತ್ಯಾಸದಲ್ಲಿ ಯುನೈಟೆಡ್ ಎಷ್ಟೋ ಮುಂದಿತ್ತು. ಆ ಕೂಗಾಟ ಸೋಲಿನ ಕಾರಣವಲ್ಲ, ಆಗಲೇ ಜಾರಿಹೋಗಿದ್ದ ಪ್ರಶಸ್ತಿಯ ಸಂಕಟ.

ತಪ್ಪು ಕಲ್ಪನೆ: ಕೀಗನ್ ತಂಡಕ್ಕೆ ಡಿಫೆನ್ಸ್ ಎಂಬುದೇ ಇರಲಿಲ್ಲ

ಆನ್‌ಫೀಲ್ಡ್‌ನಲ್ಲಿ ಏಪ್ರಿಲ್ 3ರಂದು ಲಿವರ್‌ಪೂಲ್ ವಿರುದ್ಧ 3-4ರಿಂದ ಸೋತ ಪಂದ್ಯವನ್ನು ಟಿವಿಯವರು ಎಷ್ಟು ಸಲ ತೋರಿಸಿದ್ದಾರೆಂದರೆ, ಆ ವರ್ಷದ ಎಲ್ಲ ಪಂದ್ಯಗಳೂ ಹಾಗೇ ಇದ್ದವೆಂದು ಜನ ನಂಬಿಬಿಟ್ಟಿದ್ದಾರೆ. 38 ಪಂದ್ಯಗಳಲ್ಲಿ ನ್ಯೂಕ್ಯಾಸಲ್ ಬಿಟ್ಟುಕೊಟ್ಟ ಗೋಲು 37. ಚಾಂಪಿಯನ್ ಯುನೈಟೆಡ್ ಬಿಟ್ಟುಕೊಟ್ಟದ್ದು 35. ಬರೀ ಎರಡು ಗೋಲಿನ ಅಂತರ! ಹೊಡೆದದ್ದರ ಲೆಕ್ಕ ನೋಡಿ: ಯುನೈಟೆಡ್ 73, ನ್ಯೂಕ್ಯಾಸಲ್ 66. ಅಬ್ಬರದ ದಾಳಿಗೆ ಹೆಸರಾದ ತಂಡ ಕೊನೆಗೆ ಹಿಂದೆ ಬಿದ್ದದ್ದು ಗೋಲು ಹೊಡೆಯುವುದರಲ್ಲಿ. ಮಾರ್ಚ್ 4ರಂದು ಇದೇ ಯುನೈಟೆಡ್ ಸೇಂಟ್ ಜೇಮ್ಸ್ ಪಾರ್ಕ್‌ಗೆ ಬಂದಾಗ ಮೊದಲರ್ಧವಿಡೀ ನ್ಯೂಕ್ಯಾಸಲ್‌ನದೇ ದಾಳಿ. ಗೋಲ್‌ಕೀಪರ್ ಷ್ಮೈಕೆಲ್ ಒಂದನ್ನೂ ಒಳಗೆ ಬಿಡಲಿಲ್ಲ. ಬಿಡುವಿನ ನಂತರ ಕ್ಯಾಂಟೊನಾ ಒಂದೇ ಒಂದು ಗೋಲು ಹೊಡೆದರು. ನನ್ನ ಮಟ್ಟಿಗೆ ಲೀಗ್ ಕೈತಪ್ಪಿದ್ದು ಅಂದೇ.

ತಪ್ಪು ಕಲ್ಪನೆ: ಹಣ ಸುರಿಯುವವರಿದ್ದರು, ಕೀಗನ್ ಗೆದ್ದರು, ಅದರಲ್ಲೇನು ಹೆಚ್ಚುಗಾರಿಕೆ?

1992ರ ಫೆಬ್ರುವರಿಯಲ್ಲಿ ಕೀಗನ್ ಬಂದಾಗ ಕ್ಲಬ್ ಎರಡನೇ ದರ್ಜೆಯ ತಳದಲ್ಲಿ ಮೂರನೆಯದಕ್ಕೆ ಜಾರುವ ಅಂಚಿನಲ್ಲಿತ್ತು. ಸಿಗುತ್ತದೆಂದಿದ್ದ ಹಣ ಸಿಗದೆ ಒಂದೇ ತಿಂಗಳಿಗೆ ಎದ್ದು ಹೋಗಿದ್ದೂ ಉಂಟು. ಕ್ಲಬ್‌ನ ದೊಡ್ಡ ಷೇರುದಾರ ಜಾನ್ ಹಾಲ್ ಮಾತು ಕೊಟ್ಟ ಮೇಲೆ ಮರಳಿದರು. ಹಾಲ್ ಗಣಿ ಕಾರ್ಮಿಕನ ಮಗ, ನದಿಯ ಆಚೆ ದಡದಲ್ಲಿ ಮೆಟ್ರೋಸೆಂಟರ್ ಎಂಬ ಭಾರಿ ಮಾಲ್ ಕಟ್ಟಿ ಹಣ ಮಾಡಿದವರು. ಕೊನೆಯ ದಿನ ಲೆಸ್ಟರ್‌ನಲ್ಲಿ ಗೆದ್ದು ಕ್ಲಬ್ ಉಳಿಯಿತು. ಮುಂದಿನ ಋತುವಿನ ಮೊದಲ 11 ಲೀಗ್ ಪಂದ್ಯಗಳನ್ನೂ ಗೆದ್ದು ಮೇಲೇರಿತು, ಅದರ ಮುಂದಿನ ವರ್ಷ ಪ್ರೀಮಿಯರ್ ಲೀಗಿನಲ್ಲಿ ಮೂರನೇ ಸ್ಥಾನ. ಹಣ ಬಂತು, ನಿಜ. 1996ರಲ್ಲಿ ಅಲನ್ ಶಿಯರರ್‌ಗೆ ಕೊಟ್ಟ 1.5 ಕೋಟಿ ಪೌಂಡ್ ಆಗಿನ ವಿಶ್ವದಾಖಲೆ.

ಆದರೆ ಹಣದಿಂದ ಕೊಳ್ಳಲಾಗದ್ದೂ ಒಂದಿತ್ತು. 1995ರ ಜನವರಿಯಲ್ಲಿ ಗೋಲಿನ ಮೇಲೆ ಗೋಲು ಹೊಡೆಯುತ್ತಿದ್ದ ಆ್ಯಂಡಿ ಕೋಲ್‌ರನ್ನು ಮ್ಯಾಂಚೆಸ್ಟರ್ ಯುನೈಟೆಡ್‌ಗೇ ಮಾರಿದ ಸುದ್ದಿ ಹಬ್ಬಿ, ಸಿಟ್ಟಿಗೆದ್ದ ಅಭಿಮಾನಿಗಳು ಕ್ರೀಡಾಂಗಣದ ಬಾಗಿಲಿಗೆ ಬಂದರು. ಬೇರೆ ಮ್ಯಾನೇಜರ್ ಆಗಿದ್ದರೆ ಹಿಂಬಾಗಿಲಿನಿಂದ ಕಾರು ಹತ್ತುತ್ತಿದ್ದರು. ಕೀಗನ್ ಮೆಟ್ಟಿಲ ಮೇಲೆ ನಿಂತು, ಕೇಳಿದವರಿಗೆಲ್ಲ ಮುಖ ಕೊಟ್ಟು ಉತ್ತರ ಹೇಳಿದರು: ಈ ತೀರ್ಮಾನ ನನ್ನದು, ತಪ್ಪಾದರೆ ಹೊಣೆಯೂ ನನ್ನದು. ಬೈಯಲು ಬಂದವರು ಸಮಾಧಾನವಾಗಿ ಹೋದರು.

ತಪ್ಪು ಕಲ್ಪನೆ: ಬಾಬಿ ರಾಬ್ಸನ್‌ರನ್ನು ಹೊರಗೆ ಹಾಕಿದ್ದು ಆ್ಯಶ್ಲಿ

ಕ್ಲಬ್‌ನ ಎಲ್ಲ ಪಾಪಗಳನ್ನೂ ಆ್ಯಶ್ಲಿ ತಲೆಗೆ ಕಟ್ಟುವ ಅಭ್ಯಾಸದಿಂದ ಹುಟ್ಟಿದ ಮಾತು ಇದು. ಆ್ಯಶ್ಲಿ ಕ್ಲಬ್ ಕೊಂಡದ್ದು 2007ರಲ್ಲಿ. ರಾಬ್ಸನ್ ಹೋದದ್ದು 2004ರ ಆಗಸ್ಟ್ 30ರಂದು. ಹೊಸ ಋತುವಿನ ನಾಲ್ಕೇ ಪಂದ್ಯ ಮುಗಿದಿದ್ದವು, ಅಧ್ಯಕ್ಷ ಫ್ರೆಡ್ಡಿ ಶೆಪರ್ಡ್ ಅವರನ್ನು ಕಳಿಸಿಬಿಟ್ಟರು.

ಡರಮ್ ಕೌಂಟಿಯ ಗಣಿ ಕುಟುಂಬದ ಹುಡುಗ ರಾಬ್ಸನ್. 1999ರಲ್ಲಿ ಅವರು ಬಂದಾಗ ತಂಡ ಪಟ್ಟಿಯ ತಳ ಮುಟ್ಟಿತ್ತು. ತವರಿನ ಮೊದಲ ಪಂದ್ಯದಲ್ಲೇ ಶೆಫೀಲ್ಡ್ ವೆನ್ಸ್‌ಡೇ ವಿರುದ್ಧ 8-0; ಅದರಲ್ಲಿ ಐದು ಗೋಲು ಶಿಯರರ್‌ದು. ಆಮೇಲೆ ನಾಲ್ಕನೇ, ಮೂರನೇ, ಐದನೇ ಸ್ಥಾನ. 2002-03ರ ಚಾಂಪಿಯನ್ಸ್ ಲೀಗ್‌ನಲ್ಲಿ ಗುಂಪಿನ ಮೊದಲ ಮೂರೂ ಪಂದ್ಯ ಸೋತು, ಉಳಿದ ಮೂರನ್ನೂ ಗೆದ್ದು ಮುಂದಿನ ಸುತ್ತಿಗೆ ಹೋದರು. ಹಾಗೆ ಮಾಡಿದ ಮೊದಲ ತಂಡ ಅದು. ಐದನೇ ಸ್ಥಾನ ಸಾಲದೆಂದು ಅವರನ್ನು ತೆಗೆದ ವರ್ಷ ಕ್ಲಬ್ 14ನೇ ಸ್ಥಾನಕ್ಕಿಳಿಯಿತು.

ಶೆಪರ್ಡ್ ಮತ್ತು ಜಾನ್ ಹಾಲ್ ಅವರ ಮಗ ಡಗ್ಲಸ್ ಹಾಲ್, 1998ರಲ್ಲಿ ವೇಷ ಮರೆಸಿಕೊಂಡು ಬಂದ ಪತ್ರಕರ್ತನ ಮುಂದೆ ತಮ್ಮದೇ ಊರಿನ ಹೆಂಗಸರನ್ನು ಹೀಯಾಳಿಸಿ, ದುಬಾರಿ ಜೆರ್ಸಿ ಕೊಳ್ಳುವ ಅಭಿಮಾನಿಗಳನ್ನು ಗೇಲಿ ಮಾಡಿ ಸಿಕ್ಕಿಬಿದ್ದಿದ್ದರು. ರಾಜೀನಾಮೆ ಕೊಟ್ಟರು, ವರ್ಷ ತುಂಬುವುದರೊಳಗೆ ಹಿಂದಿರುಗಿದರು. ಕೆಟ್ಟ ಮಾಲೀಕರ ಪಟ್ಟಿ ಬರೆಯುವವರು ಇದನ್ನು ಏಕೆ ಮರೆಯುತ್ತಾರೋ ತಿಳಿಯದು. ಬಹುಶಃ ಆ ಕಾಲದಲ್ಲಿ ತಂಡ ಗೆಲ್ಲುತ್ತಿತ್ತು, ಅಷ್ಟೇ.

ತಪ್ಪು ಕಲ್ಪನೆ: ಆ್ಯಶ್ಲಿ ಕ್ಲಬ್‌ನ ಹಣ ಲೂಟಿ ಮಾಡಿದರು

ಸ್ಪೋರ್ಟ್ಸ್ ಡೈರೆಕ್ಟ್ ಅಂಗಡಿಗಳ ಒಡೆಯ ಆ್ಯಶ್ಲಿ ಸುಮಾರು 13.4 ಕೋಟಿ ಪೌಂಡಿಗೆ ಕ್ಲಬ್ ಕೊಂಡರು. ಹಳೆಯ ಸಾಲ ತೀರಿಸಲು, ನಷ್ಟ ತುಂಬಲು ಬಡ್ಡಿಯಿಲ್ಲದೆ ಮತ್ತೆ ಹತ್ತು ಕೋಟಿಗೂ ಹೆಚ್ಚು ಸಾಲ ಕೊಟ್ಟರು. ಹೊಸದರಲ್ಲಿ ಕಪ್ಪುಬಿಳಿ ಜೆರ್ಸಿ ತೊಟ್ಟು ಅಭಿಮಾನಿಗಳ ನಡುವೆ ಕೂತು ಪಂದ್ಯ ನೋಡುತ್ತಿದ್ದ ಅವರನ್ನು ಜನ ಮೆಚ್ಚಿಕೊಂಡೂ ಇದ್ದರು. ಗಲ್ಲಾಪೆಟ್ಟಿಗೆಗೆ ಕೈ ಹಾಕಿದರೆಂಬ ಆರೋಪ ಲೆಕ್ಕಪತ್ರದ ಮುಂದೆ ನಿಲ್ಲುವುದಿಲ್ಲ.

ಹಾಗೆಂದು ಅವರನ್ನು ಬಿಟ್ಟುಬಿಡಬೇಕಿಲ್ಲ. ತಮ್ಮ ಅಂಗಡಿಯ ಜಾಹೀರಾತು ಫಲಕಗಳನ್ನು ಕ್ರೀಡಾಂಗಣದ ತುಂಬ ಹಾಕಿಸಿ, ಅನೇಕ ವರ್ಷ ಕ್ಲಬ್‌ಗೆ ಅದಕ್ಕಾಗಿ ಕಾಸು ಕೊಡಲಿಲ್ಲ. 2011ರಲ್ಲಿ ಸೇಂಟ್ ಜೇಮ್ಸ್ ಪಾರ್ಕ್‌ನ ಹೆಸರನ್ನೇ ಅಳಿಸಿ ಸ್ಪೋರ್ಟ್ಸ್ ಡೈರೆಕ್ಟ್ ಅರೇನಾ ಎಂದು ಬರೆಸಿದರು. ಹಳೆಯ ಹೆಸರು ಮರುವರ್ಷ ಮರಳಿದ್ದು ಸಾಲ ಕೊಡುವ ಕಂಪನಿಯೊಂದರ ಪ್ರಾಯೋಜಕತ್ವದ ದಯೆಯಿಂದ! ಅವರ 14 ವರ್ಷಗಳಲ್ಲಿ ಕ್ಲಬ್ ಎರಡು ಸಲ, 2009 ಮತ್ತು 2016ರಲ್ಲಿ, ಕೆಳದರ್ಜೆಗೆ ಬಿತ್ತು.

ಎಲ್ಲಕ್ಕಿಂತ ದೊಡ್ಡ ತಪ್ಪು ಕೀಗನ್ ವಿಷಯದಲ್ಲಿ ನಡೆದದ್ದು. 2008ರ ಜನವರಿಯಲ್ಲಿ ಆ್ಯಶ್ಲಿ ಅವರನ್ನು ಮತ್ತೆ ಕರೆತಂದಾಗ ಊರಿಗೆ ಊರೇ ಕುಣಿಯಿತು. ಆದರೆ ಆಟಗಾರರನ್ನು ಕೊಳ್ಳುವ ಅಧಿಕಾರ ಆ್ಯಶ್ಲಿ ನೇಮಿಸಿದ ನಿರ್ದೇಶಕ ಡೆನಿಸ್ ವೈಸ್ ಕೈಯಲ್ಲಿತ್ತು. ಉರುಗ್ವೆಯ ಇಗ್ನಾಸಿಯೊ ಗೊನ್ಸಾಲೆಸ್ ಎಂಬ ಆಟಗಾರನನ್ನು ತರುತ್ತೇವೆ, ಬೇಕಾದರೆ ಯೂಟ್ಯೂಬ್‌ನಲ್ಲಿ ನೋಡಿ ಎಂದು ಮ್ಯಾನೇಜರ್‌ಗೇ ಹೇಳಿದರು. ಕೀಗನ್ ಬೇಡವೆಂದರೂ ಆತ ಬಂದ, ಎರಡೇ ಪಂದ್ಯ ಆಡಿದ. ಸೆಪ್ಟೆಂಬರ್‌ನಲ್ಲಿ ಕೀಗನ್ ರಾಜೀನಾಮೆ. ಮರುವರ್ಷ ನ್ಯಾಯಮಂಡಳಿ ಕೀಗನ್ ಪರ ತೀರ್ಪಿತ್ತು 20 ಲಕ್ಷ ಪೌಂಡ್ ಕೊಡಿಸಿತು. ದಕ್ಷಿಣ ಅಮೆರಿಕದ ಇಬ್ಬರು ಏಜೆಂಟರಿಗೆ ಉಪಕಾರ ಮಾಡಲು ಆತನನ್ನು ತಂದದ್ದು ಅಲ್ಲಿ ಬಯಲಾಯಿತು. ಕೊನೆಯ ಮಾತು ಕೀಗನ್‌ದೇ ಎಂದು ಕ್ಲಬ್ ಊರಿಗೆಲ್ಲ ಹೇಳಿಕೊಂಡಿದ್ದು ಬರೀ ಪ್ರಚಾರಕ್ಕೆ ಎಂಬುದೂ.

ಲೂಟಿಯೆಂದು ಕೂಗುವವರು ಆ್ಯಶ್ಲಿಗೆ ಉಪಕಾರವನ್ನೇ ಮಾಡುತ್ತಾರೆ, ಅದಕ್ಕೆ ಅವರ ಬಳಿ ಉತ್ತರವಿದೆ. ಗೊನ್ಸಾಲೆಸ್ ಪ್ರಕರಣಕ್ಕೆ ಇಲ್ಲ.

ತಪ್ಪು ಕಲ್ಪನೆ: 2025ರ ಕಪ್ ಸೌದಿ ಹಣಕ್ಕೆ ಸಿಕ್ಕ ರಸೀದಿ

2021ರ ಅಕ್ಟೋಬರ್ 7ರಂದು ಸೌದಿ ಅರೇಬಿಯಾದ ಸಾರ್ವಜನಿಕ ಹೂಡಿಕೆ ನಿಧಿ ಮುಂಚೂಣಿಯಲ್ಲಿದ್ದ ಕೂಟ 30.5 ಕೋಟಿ ಪೌಂಡಿಗೆ ಕ್ಲಬ್ ಕೊಂಡಿತು. ಮುಂದಿನ ತಿಂಗಳು ಎಡ್ಡಿ ಹೌ ಬಂದಾಗ ತಂಡ ಆ ಋತುವಿನಲ್ಲಿ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. 2025ರ ಮಾರ್ಚ್ 16ರಂದು ವೆಂಬ್ಲಿಯಲ್ಲಿ ಲಿವರ್‌ಪೂಲ್ ವಿರುದ್ಧ 2-1ರಿಂದ ಗೆದ್ದು ಲೀಗ್ ಕಪ್ ಎತ್ತಿತು. ದೇಶದೊಳಗಿನ ದೊಡ್ಡ ಕಪ್ ಬಂದದ್ದು 70 ವರ್ಷಗಳ ಬಳಿಕ. ‘ಈ ಸಲ ಕಪ್ ನಮ್ದೇ’ ಎಂದು 18ನೇ ಐಪಿಎಲ್‌ವರೆಗೆ ಕಾದ ನಮ್ಮ ಆರ್‌ಸಿಬಿ ಅಭಿಮಾನಿಗಳಿಗೆ ಆ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಹಣ ಇಲ್ಲದಿದ್ದರೆ ಇಸಾಕ್, ಗಿಮಾರೈಸ್, ಟೊನಾಲಿ ಬರುತ್ತಿರಲಿಲ್ಲ, ಒಪ್ಪಲೇಬೇಕು. ಆದರೆ ಅಂದು ಕಣಕ್ಕಿಳಿದ ಹನ್ನೊಂದರಲ್ಲಿ ಶೇರ್, ಮರ್ಫಿ, ಜೊಯೆಲಿಂಟನ್ ಮೂವರೂ ಆ್ಯಶ್ಲಿ ಕಾಲದ ಖರೀದಿ. ಗೋಲು ಹೊಡೆಯಲಾರದ ಫಾರ್ವರ್ಡ್ ಎಂದು ನಗೆಪಾಟಲಾಗಿದ್ದ ಜೊಯೆಲಿಂಟನ್‌ರನ್ನು ಮಿಡ್‌ಫೀಲ್ಡ್‌ಗೆ ಎಳೆದು ಬೇರೆಯೇ ಆಟಗಾರನನ್ನಾಗಿ ಮಾಡಿದ್ದು ಹೌ. ಎರಡನೇ ಗೋಲಿಗೆ ಇಸಾಕ್‌ಗೆ ತಲೆಯಿಂದ ಚೆಂಡು ಇಳಿಸಿಕೊಟ್ಟದ್ದು ಮರ್ಫಿ. ಮೊದಲ ಗೋಲು ಹತ್ತಿರದ ಬ್ಲೈತ್ ಊರಿನ ಡ್ಯಾನ್ ಬರ್ನ್‌ದು. 11ನೇ ವಯಸ್ಸಿನಲ್ಲಿ ಇದೇ ಕ್ಲಬ್‌ನ ಅಕಾಡೆಮಿ ಬೇಡವೆಂದು ಕಳಿಸಿದ್ದ ಹುಡುಗ. ಬಿಡುವಿಗೆ ಸ್ವಲ್ಪ ಮುಂಚೆ ಟ್ರಿಪಿಯರ್ ಒದ್ದ ಕಾರ್ನರ್‌ಗೆ, ಗೋಲಿನಿಂದ ಅಷ್ಟು ದೂರದಲ್ಲಿ ನಿಂತು ತಲೆ ಕೊಟ್ಟರೆ ಗೋಲಾಗುತ್ತದೆಂದು ಲಿವರ್‌ಪೂಲ್‌ನವರು ಎಣಿಸಿರಲಿಲ್ಲ.

ಮಾಲೀಕರು ಶ್ರೀಮಂತರೆಂದು ಮನಬಂದಂತೆ ಖರ್ಚು ಮಾಡಲೂ ಬರುವುದಿಲ್ಲ. ಮೂರು ವರ್ಷಕ್ಕೆ 10.5 ಕೋಟಿ ಪೌಂಡ್ ನಷ್ಟ ಮೀರಬಾರದೆಂಬ ಆಗಿನ ಲೀಗ್ ನಿಯಮಕ್ಕೆ ಲೆಕ್ಕ ಸರಿದೂಗಿಸಲು 2024ರ ಜೂನ್‌ನಲ್ಲಿ ಊರಿನ ಹುಡುಗ ಎಲಿಯಟ್ ಆ್ಯಂಡರ್ಸನ್‌ನನ್ನೇ ಮಾರಬೇಕಾಯಿತು.

ತಪ್ಪು ಕಲ್ಪನೆ: ಮಾಲೀಕತ್ವಕ್ಕೂ ಸೌದಿ ಸರ್ಕಾರಕ್ಕೂ ಸಂಬಂಧವಿಲ್ಲ

ಸೌದಿ ಪ್ರಭುತ್ವ ಕ್ಲಬ್ ನಿಯಂತ್ರಿಸುವುದಿಲ್ಲವೆಂಬ ಕಾನೂನುಬದ್ಧ ಭರವಸೆ ಸಿಕ್ಕಿದೆಯೆಂದು ಪ್ರೀಮಿಯರ್ ಲೀಗ್ ಹೇಳಿತ್ತು. 2023ರಲ್ಲಿ ಗಾಲ್ಫ್ ವ್ಯಾಜ್ಯವೊಂದರಲ್ಲಿ ಅಮೆರಿಕದ ನ್ಯಾಯಾಲಯದ ಮುಂದೆ ಅದೇ ನಿಧಿ ತಾನು ಸೌದಿ ಪ್ರಭುತ್ವದ ಅಂಗವೆಂದೂ, ತನ್ನ ಗವರ್ನರ್ ಹಾಲಿ ಸಚಿವರೆಂದೂ ವಾದಿಸಿತು. ಆ ಗವರ್ನರ್ ಯಾಸಿರ್ ಅಲ್ ರುಮಯ್ಯಾನ್ ನ್ಯೂಕ್ಯಾಸಲ್‌ನ ಅಧ್ಯಕ್ಷರೂ ಹೌದು. 2022ರ ಮಾರ್ಚ್‌ನಲ್ಲಿ ಸೌದಿಯಲ್ಲಿ ಒಂದೇ ದಿನ 81 ಮಂದಿಗೆ ಮರಣದಂಡನೆಯಾದ ಮರುದಿನ ಹೌ ಅವರನ್ನು ಆ ಬಗ್ಗೆ ಕೇಳಿದರು. ಫುಟ್‌ಬಾಲ್ ಬಿಟ್ಟು ಬೇರೆ ಮಾತಾಡುವುದಿಲ್ಲವೆಂದರು. ಕೋಲ್ ಮಾರಾಟಕ್ಕೆ ಮೆಟ್ಟಿಲ ಮೇಲೆ ನಿಂತು ಉತ್ತರಿಸಬಹುದು, ಇದಕ್ಕೆ ಯಾವ ಮ್ಯಾನೇಜರ್ ಏನೆಂದು ಉತ್ತರಿಸಬೇಕು? ಆ್ಯಶ್ಲಿ ಮಾಡಿದ್ದು ಫುಟ್‌ಬಾಲಿನ ಅನ್ಯಾಯ. ಇದು ಆ ಅಳತೆಗೆ ಸಿಗುವಂಥದ್ದಲ್ಲ.

ತಪ್ಪು ಕಲ್ಪನೆ: ಹೌಗಿಂತ ಮುಂಚೆ ನ್ಯೂಕ್ಯಾಸಲ್ ಏನೂ ಗೆದ್ದಿರಲಿಲ್ಲ

ಲೀಗ್ ನಾಲ್ಕು ಸಲ, ಎಫ್‌ಎ ಕಪ್ ಆರು ಸಲ. 1905, 1907, 1909ರ ಲೀಗ್ ಗೆದ್ದಾಗ ಈಗಿನ ಅರ್ಥದ ಮ್ಯಾನೇಜರೇ ಇರಲಿಲ್ಲ. ನಿರ್ದೇಶಕರು ಕೂತು ತಂಡ ಆರಿಸುತ್ತಿದ್ದರು. ಇನ್ನು ಜೋ ಹಾರ್ವೆ. 1951 ಮತ್ತು 1952ರಲ್ಲಿ ನಾಯಕರಾಗಿ ಎಫ್‌ಎ ಕಪ್ ಎತ್ತಿದವರು, ಆಮೇಲೆ ಮ್ಯಾನೇಜರಾಗಿ 1965ರಲ್ಲಿ ತಂಡವನ್ನು ಮೇಲಿನ ದರ್ಜೆಗೆ ತಂದರು, 1969ರಲ್ಲಿ ಹಂಗೇರಿಯ ಉಯ್‌ಪೆಸ್ಟ್ ತಂಡವನ್ನು ಎರಡು ಪಂದ್ಯ ಸೇರಿ 6-2ರಿಂದ ಸೋಲಿಸಿ ಯುರೋಪಿನ ಫೇರ್ಸ್ ಕಪ್ ಗೆದ್ದರು. ಕೀಗನ್ನೋ ರಾಬ್ಸನ್ನೋ ಎಂಬ ವಾದದಲ್ಲಿ ಅವರ ಹೆಸರು ಬರುವುದೇ ಇಲ್ಲ.

ಕಪ್ ಲೆಕ್ಕ ಹಾಕಿದರೆ ಹಾರ್ವೆ ಮತ್ತು ಹೌ ಮುಂದೆ. ಕೈಯಲ್ಲಿದ್ದುದರಲ್ಲೇ ಹೆಚ್ಚು ದುಡಿಸಿದವರು ರಾಬ್ಸನ್. ಆದರೂ ನನ್ನ ಮತ ಕೀಗನ್‌ಗೆ. ಹಾಲ್ ಬೆನ್ನಿಗೆ ನಿಂತಾಗ ಐದು ವರ್ಷದಲ್ಲಿ ಕ್ಲಬ್ ಮೂರನೇ ದರ್ಜೆಯ ಅಂಚಿನಿಂದ ಎರಡು ಸಲ ಪ್ರೀಮಿಯರ್ ಲೀಗಿನ ಎರಡನೇ ಸ್ಥಾನಕ್ಕೆ ಸಾಗುವ ಹಾದಿ ಹಿಡಿಯಿತು. ಆ್ಯಶ್ಲಿ ಕೈಕೆಳಗೆ ಅದೇ ಮನುಷ್ಯ ಎಂಟು ತಿಂಗಳೂ ನಿಲ್ಲಲಿಲ್ಲ.